ಹೂಂ ಅಂದವಳ ಸಿಟ್ಟು

ಅವಳ ಮುತ್ತಜ್ಜ ಹಗ್ಗ ಹೊಸೆಯುವವನು. ಬಾವಿಗೆ ಇಳಿಯುವವರು, ಮರ ಹತ್ತುವವರು, ಮಾಡು ಕಟ್ಟುವವರು ಎಲ್ಲರೂ ಅವನಲ್ಲಿಗೇ ಬರುತ್ತಿದ್ದರು. ಹೊಸ ಹಗ್ಗವನ್ನು ಅವನು ಯಾರ ಕೈಗೂ ಹಾಗೇ ಕೊಟ್ಟವನಲ್ಲ. ಅಂಗಳದ ಮರದ ಕೊಂಬೆಗೆ ಕಟ್ಟಿ, ತಾನೇ ಜೋತುಬಿದ್ದು, ಕಾಲು ಮೇಲೆತ್ತಿ ತೂಗಾಡಿ ನೋಡಿದ ಮೇಲೆಯೇ ಕೊಡುತ್ತಿದ್ದ. ಮೈಯೋ ಕಣಜದಂಥದ್ದು. ಹಗ್ಗ ಕೊಳ್ಳಲು ಬಂದವರು ಮೊದಲು ಅಡುಗೆಮನೆಯ ಕಿಟಕಿಗೆ ಹೋಗಿ ಅವನ ಹೆಂಡತಿಯನ್ನು ಕೇಳುತ್ತಿದ್ದರಂತೆ, "ಅಮ್ಮಾ, ಯಜಮಾನರು ಈ ಸಲ ಬಿದ್ರಾ?" ಬಿದ್ದಿದ್ದರೆ ಅವಳು ಅವನ ಸೊಂಟಕ್ಕೆ ಎಣ್ಣೆ ಕಾಯಿಸುತ್ತ "ಒಂದು ವಾರ ಬಿಟ್ಟು ಬನ್ನಿ" ಅನ್ನುತ್ತಿದ್ದಳು.

ಅವನ ಸೊಸೆ, ಎಂದರೆ ಇವಳ ಅಜ್ಜಿ, ಬೀಜ ಕಾಯುವವಳು. ಸುತ್ತಲಿನವರ ಬಿತ್ತನೆಯ ಬೀಜವೆಲ್ಲ ಅವಳ ಮಡಕೆಗಳಲ್ಲಿ. ಬಿತ್ತುವುದಕ್ಕೆ ಮುಂಚೆ ಒಂದೊಂದು ಮಡಕೆಯಿಂದ ಒಂದು ಹಿಡಿ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೊಳಕೆ ಬಂತೋ ಇಲ್ಲವೋ ನೋಡುವಳು. "ಮಡಕೆ ತುಂಬ ಇದೆಯಲ್ಲಜ್ಜೀ, ಇನ್ನೇನು ನೋಡೋದು?" ಎಂದು ಅವಸರದವರು ಕೇಳಿದರೆ, "ಮಡಕೆ ಹೊಟ್ಟೇಲಿ ಹೆಣ ಇದ್ರೂ ಮೈ ಹೊಳೀತಾನೇ ಇರುತ್ತೆ ಕಣ್ರೋ" ಎಂದು ಬಾಯಿ ಮುಚ್ಚಿಸುವಳು. ಒಂದು ವರ್ಷ ಅವಳ ಮಾತು ಕೇಳದೆ ಬಿತ್ತಿದವರ ಹೊಲದಲ್ಲಿ ಹುಲ್ಲು ಬಿಟ್ಟು ಬೇರೇನೂ ಏಳಲಿಲ್ಲ. ಅವಳು ಅವರನ್ನು ಕಂಡಾಗಲೆಲ್ಲ ಸಾಯುವವರೆಗೂ ಬೈದಳು.

ಅಪ್ಪ ಬೆಂಕಿ ಆರಿಸುವ ಠಾಣೆಯಲ್ಲಿ ಪಂಪಿನ ಕೆಲಸ ಮಾಡುತ್ತಿದ್ದ. ಬೀದಿ ಮೂಲೆಗಳಲ್ಲಿ ಬೆಂಕಿಯ ಹೊತ್ತಿಗೆಂದು ಇಟ್ಟ ನೀರಿನ ಕೊಳಾಯಿಗಳನ್ನು ವಾರಕ್ಕೊಮ್ಮೆ ತಿರುಗಿಸಿ ನೋಡುವುದು ಅವನ ಚಟ. ನೀರು ಬುಸ್ಸೆಂದು ಚಿಮ್ಮಿ ಹೋಗಿಬರುವವರ ಬಟ್ಟೆ ತೋಯುತ್ತಿತ್ತು. ಒಮ್ಮೆ ಮೇಲಧಿಕಾರಿಯ ಹೊಸ ಕೋಟೇ ತೊಪ್ಪೆಯಾಯಿತು. "ಕ್ಷಮೆ ಕೇಳು" ಎಂದರು. "ನೀರು ಬಂದದ್ದಕ್ಕೆ ಖುಷಿಪಡಿ ಸ್ವಾಮಿ, ಬಾರದೇ ಇದ್ದಿದ್ರೆ ಅಳಬೇಕಿತ್ತು" ಎಂದ. ದೂರದ ಠಾಣೆಗೆ ಎತ್ತಿಹಾಕಿದರು. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಇನ್ಯಾರದೋ ಬಟ್ಟೆ ತೋಯಿಸಿದ.

ಈ ವಂಶದಲ್ಲಿ ಹೊಲ ಪಾಲಾಯಿತು, ಮನೆ ಪಾಲಾಯಿತು, ಪಾತ್ರೆಪಡಗ ಪಾಲಾಯಿತು. ಪಾಲಾಗದೆ ಇಡಿಯಾಗಿ ಇಳಿದು ಬಂದದ್ದು ಜಗ್ಗಿ ನೋಡುವ ಚಟ ಮತ್ತು ಮೂಗಿನ ತುದಿಯ ಸಿಟ್ಟು. ಎರಡೂ ಕಿರಿಮಗಳ ಮಡಿಲಿಗೇ ಬಿದ್ದವು. ಹಿರಿಮಗಳು ಅಮ್ಮನ ಹಾಗೆ, ನಗುನಗುತ್ತ ಸಂಸಾರ ತೂಗಿಸುವವಳು. ಕಿರಿಯವಳಿಗೆ ಕೆಲಸದ ಜಾಗದಲ್ಲಿ ಇಟ್ಟ ಹೆಸರೇ ಗರಗಸ. ಬೆನ್ನ ಹಿಂದೆ ಗರಗಸ, ಎದುರಿಗೆ ಗರಗಸಕ್ಕ. ಅವಳಿಗೆ ಎರಡೂ ಗೊತ್ತಿತ್ತು, ಎರಡಕ್ಕೂ ಓಗೊಡುತ್ತಿದ್ದಳು.

ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಅವಳ ಅಕ್ಕ ಒಂದು ಕಥೆ ಹೇಳುವಳು. ನೋಡಲು ಬಂದ ಗಂಡು, ತನಗೆ ಅಡುಗೆಯೆಲ್ಲ ಬರುತ್ತದೆ, ಹೆಂಡತಿಗೆ ಕಷ್ಟ ಕೊಡುವುದಿಲ್ಲ ಎಂದು ಹೇಳಿಕೊಂಡನಂತೆ. ಇವಳು ತಟ್ಟನೆ ಎದ್ದು, "ಬನ್ನಿ, ಎಲ್ಲರಿಗೂ ಒಂದು ಲೋಟ ಟೀ ಮಾಡಿ" ಎಂದು ಒಲೆಯ ಮುಂದೆ ನಿಲ್ಲಿಸಿದಳಂತೆ. ಅವನಿಗೆ ಒಲೆ ಹಚ್ಚಲೂ ಬರಲಿಲ್ಲ. ಅಲ್ಲಿಂದ ಈಚೆಗೆ ಗಂಡುಗಳು ಬರುವುದು ನಿಂತಿತು. ಅವಳಿಗೇನೂ ಬೇಸರವಿರಲಿಲ್ಲ. ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಇದ್ದಳು, ಬಾಡಿಗೆಯನ್ನು ತಪ್ಪದೆ ಕೊಡುತ್ತಿದ್ದಳು, ಅಕ್ಕ ಬೇಡವೆಂದರೂ ಅವಳ ಅಡುಗೆಮನೆಯ ಡಬ್ಬಿಯ ಕೆಳಗೆ ತುರುಕಿ ಬರುತ್ತಿದ್ದಳು.

ಕೆಲಸ ಕೊಡಿಸಿದ್ದು ಭಾವ, ಅಕ್ಕನ ಗಂಡ. ಅಪಘಾತದಲ್ಲಿ, ಕಾಯಿಲೆಯಲ್ಲಿ ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುವ ಕೇಂದ್ರಕ್ಕೆ ಅವನೇ ಮುಖ್ಯಸ್ಥ. ಅಲ್ಲಿನವರು ಅದನ್ನು ಕಾಲ್ಮನೆ ಅನ್ನುತ್ತಿದ್ದರು. ಕೆಳಗೆ ಪ್ಲಾಸ್ಟರ್ ಕೋಣೆ, ಅದರ ಪಕ್ಕ ಉಜ್ಜುವ ಯಂತ್ರಗಳ ಕೋಣೆ, ಆಮೇಲೆ ನಡೆದು ನೋಡುವ ಉದ್ದನೆಯ ಕೋಣೆ. ಅಲ್ಲಿ ಎರಡೂ ಕಡೆ ಹಿಡಿದುಕೊಳ್ಳಲು ಕಬ್ಬಿಣದ ಕೊಳವೆ, ಕೊನೆಯಲ್ಲಿ ಆಳೆತ್ತರದ ಕನ್ನಡಿ. ಹೊಸ ಕಾಲು ಹಾಕಿಕೊಂಡವರು ಆ ಕನ್ನಡಿಯ ಕಡೆಗೆ ನಡೆಯುವಾಗ ತಮ್ಮ ಮುಖ ನೋಡುವುದಿಲ್ಲ, ಪಾದ ನೋಡುತ್ತಾರೆ. ಮೆಟ್ಟಿಲ ಅಡಿಯಲ್ಲಿ ಹಿಂದೆ ಪೊರಕೆ ಬಕೆಟ್ಟು ಇಡುತ್ತಿದ್ದ ಗೂಡಿನಲ್ಲಿ ಈಗ ಕಂಪ್ಯೂಟರ್ ಸರ್ವರು. ಅಲ್ಲಿಯ ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್ಟು ಮಾತ್ರ ಹಳೆಯ ಕಾಲದಿಂದ ಉಳಿದಿತ್ತು. ಅದು ಗರಗಸದ ಸಾಮ್ರಾಜ್ಯ.

ಕಾಲು ಮಾಡುವುದೆಂದರೆ ಮರದ ತುಂಡಿಗೆ ಪಟ್ಟಿ ಕಟ್ಟಿ ಕೊಡುವುದಲ್ಲ. ಉಳಿದ ಮೊಂಡುಗಾಲಿಗೆ ಒದ್ದೆ ಪ್ಲಾಸ್ಟರ್ ಬಟ್ಟೆ ಸುತ್ತಿ ಅಚ್ಚು ತೆಗೆಯಬೇಕು. ಆ ಅಚ್ಚಿನೊಳಗೆ ಪ್ಲಾಸ್ಟರ್ ಸುರಿದರೆ ಕಾಲಿನದೇ ಪಡಿಯಚ್ಚು ಎದ್ದು ಬರುತ್ತದೆ. ಅದನ್ನು ಅರದಿಂದ ತೀಡಬೇಕು: ಮಾಂಸ ಭಾರ ತಾಳುವ ಕಡೆ ಒಳಗೆ ತೆಗೆಯಬೇಕು, ಎಲುಬು ನೋಯುವ ಕಡೆ ಉಬ್ಬಿಸಬೇಕು. ಆ ಅಚ್ಚಿನ ಮೇಲೆ ಎರಕ ಹೊಯ್ದದ್ದೇ ಕಾಲು ಕೂರುವ ಬಟ್ಟಲು. ಬಟ್ಟಲು ಒಂದು ನೂಲು ಹೆಚ್ಚುಕಡಿಮೆಯಾದರೂ ಹಾಕಿಕೊಂಡವನ ಕಾಲಲ್ಲಿ ಹುಣ್ಣು. ಹುಣ್ಣಾದರೆ ಮತ್ತೆ ಮಂಚ. ಅದಕ್ಕೇ ಅಚ್ಚುಗಳನ್ನು ಹೆಸರು ಬರೆದು ಗೋದಾಮಿನ ಗೋಡೆಗಳ ತುಂಬ ಜೋಡಿಸಿದ್ದರು. ದೂರದಲ್ಲಿರುವವನ ಬಟ್ಟಲು ಬಿರುಕು ಬಿಟ್ಟರೆ ಅವನು ತೆವಳಿಕೊಂಡು ಬರಬೇಕಿಲ್ಲ, ಅಚ್ಚು ನೋಡಿ ಹೊಸದು ಮಾಡಿ ಕಳಿಸಿದರಾಯಿತು. ಆ ಅಚ್ಚುಗಳನ್ನೆಲ್ಲ ತೀಡಿದವನು ಪ್ಲಾಸ್ಟರ್ ಕೋಣೆಯ ಯಜಮಾನ. ರೆಪ್ಪೆಯವರೆಗೂ ಬೆಳ್ಳಗಿರುತ್ತಿದ್ದದ್ದಕ್ಕೆ ಅವನನ್ನು ಸುಣ್ಣದ ತಾತ ಎಂದೇ ಕರೆಯುತ್ತಿದ್ದರು. ಗೋದಾಮಿನ ಬೀಗದ ಕೈ ಅವನ ಸೊಂಟದಲ್ಲಿ.

ಆಮೇಲೆ ಸ್ಕ್ಯಾನರ್ ಬಂತು. ಗರಗಸ ಒಂದೊಂದು ಅಚ್ಚನ್ನೂ ತಿರುಗುಮಣೆಯ ಮೇಲಿಟ್ಟು ಸ್ಕ್ಯಾನು ಮಾಡಿ ಕಂಪ್ಯೂಟರಿಗೆ ಏರಿಸಿದಳು. ವರ್ಷಗಟ್ಟಲೆ ಹಿಡಿದ ಕೆಲಸ. ಹೊಸಬರಿಗೆ ನೇರ ಕಾಲಿನದೇ ಸ್ಕ್ಯಾನು. ಇದಕ್ಕೆಲ್ಲ ಬ್ಯಾಕಪ್ ಇಡಲು, ಎಂದರೆ ಮೂಲ ಹಾಳಾದರೂ ಬೇರೆ ಕಡೆ ಒಂದು ಪ್ರತಿ ಉಳಿಯುವಂತೆ ಮಾಡಲು, ಭಾವ ಒಂದು ಕಂಪನಿಯನ್ನು ಗೊತ್ತುಮಾಡಿದ. ಅಲ್ಲಿಂದ ಬರುತ್ತಿದ್ದವನು ಸೆಕೆಗಾಲದಲ್ಲೂ ಟೈ ಬಿಚ್ಚದ ಮನುಷ್ಯ. ಕಾಲ್ಮನೆಯಲ್ಲಿ ಅವನ ಹೆಸರು ಟೈ.

"ಮೇಡಂ, ದಿನಾ ಕಾಪಿ ಆಗ್ತಿದೆ. ನೋಡಿ, ಹಸಿರು ದೀಪ" ಎಂದ ಮೊದಲ ದಿನವೇ.

"ಹಸಿರು ದೀಪ ನೋಡಿ ರಸ್ತೆ ದಾಟ್ತಾರೆ. ಕಾಪಿ ಎದ್ದು ಬರುತ್ತಾ ಇಲ್ವಾ ಅದನ್ನ ಹೇಳಿ" ಎಂದಿದ್ದಳು ಇವಳು.

ಹಟ ಹಿಡಿದು ಗೂಡಿಗೆ ಇನ್ನೊಂದು ಮೆಶಿನ್ ತರಿಸಿದಳು. ತಿಂಗಳಿಗೊಮ್ಮೆ ಆ ಕಾಪಿಯನ್ನು ಅದರಲ್ಲಿ ಎಬ್ಬಿಸಿ, ಅಲ್ಲೊಂದು ಇಲ್ಲೊಂದು ಕಾಲು ತೆರೆದು ನೋಡುತ್ತಿದ್ದಳು. ಎಲ್ಲ ಸರಿಯಾಗಿ ಬರುತ್ತಿತ್ತು. ಅವಳೂ ಸಮಾಧಾನದಿಂದಿದ್ದಳು, ಟೈಯೂ ಸಮಾಧಾನದಿಂದಿದ್ದ.

ಹೀಗಿರುವಾಗ ಭಾವನ ಕಣ್ಣು ಗೋದಾಮಿನ ಮೇಲೆ ಬಿತ್ತು. ಕೇಂದ್ರಕ್ಕೆ ನೆರವು ಕೊಡುವ ದೊಡ್ಡ ಮನುಷ್ಯರು ಬಂದರೆ ಕೂರಿಸಲು ಒಂದು ಚೆಂದದ ಹಾಲ್ ಇಲ್ಲ. ಗೋದಾಮು ನೋಡಿದರೆ ವಿಶಾಲ, ಕಿಟಕಿಗಳಿಗೆ ಒಳ್ಳೆ ಬೆಳಕು, ತುಂಬಿರುವುದು ಮಾತ್ರ ಬಿಳಿ ಮೊಂಡುಗಾಲುಗಳು.

"ಎಲ್ಲಾ ಕಂಪ್ಯೂಟರಲ್ಲಿ ಇದೆ. ಇದನ್ನ ಇಟ್ಕೊಂಡು ಪೂಜೆ ಮಾಡೋದಾ?" ಎಂದ.

ಸುಣ್ಣದ ತಾತ ಸೊಂಟದ ಬೀಗದ ಕೈ ಮುಟ್ಟಿಕೊಂಡು, "ಆ ಮಗಳು ಹೂಂ ಅನ್ನಲಿ, ಕೊಡ್ತೀನಿ. ಬೇರೆ ಯಾರು ಹೂಂ ಅಂದ್ರೂ ನನ್ನ ಕಿವಿಗೆ ಕೇಳ್ಸಲ್ಲ" ಎಂದ.

ಗರಗಸ ಅವಸರ ಮಾಡಲಿಲ್ಲ. ಮೊದಲ ಗೋಡೆಯಲ್ಲಿದ್ದ ಅಚ್ಚುಗಳ ಹೆಸರು ಹಿಡಿದು, ಕಾಪಿಯನ್ನು ಎಬ್ಬಿಸಿದ ಮೆಶಿನ್‌ನಲ್ಲಿ ಒಂದೊಂದೇ ತೆರೆದು ನೋಡಿದಳು. ಎಲ್ಲವೂ ಬಂದವು. ತಾತನ ಹತ್ತಿರ ಹೋಗಿ, "ಹೂಂ ತಾತ, ಒಂದು ಗೋಡೆ ಅಚ್ಚು ಒಡೀಲಿ" ಎಂದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸುತ್ತಿಗೆಯವರು ಬಂದರು, ಗೋಡೆ ಬರಿದಾಯಿತು. ಕಾಲ್ಮನೆಯ ತುಂಬ ಬಿಳಿ ದೂಳು ಎದ್ದು ಎಲ್ಲರ ತಲೆಯೂ ತಾತನ ತಲೆಯಂತಾಯಿತು. ತಾತ ಅತ್ತ ಹೋಗಲಿಲ್ಲ. ಪ್ಲಾಸ್ಟರ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ.

ಮುಂದಿನ ವಾರ ಎರಡನೆಯ ಗೋಡೆಯ ಸರದಿ. ಆ ಬೆಳಗ್ಗೆ ಒಬ್ಬ ದರ್ಜಿ ಕುಂಟುತ್ತ ಬಂದ. ಕಾಲ್ಮನೆ ಮಾಡಿಕೊಟ್ಟ ಕಾಲಿನಲ್ಲೇ ಹೊಲಿಗೆ ಮೆಶಿನ್ ತುಳಿಯುವವನು, ಬಾಯಿ ಅದಕ್ಕಿಂತ ಜೋರಾಗಿ ಓಡುವವನು. ಮೊಂಡುಗಾಲಿನ ಮಗ್ಗುಲಲ್ಲಿ ಗಂಟು ಎದ್ದು ಬಟ್ಟಲು ಒತ್ತುತ್ತಿತ್ತು. ತಾತ ನೋಡಿ, ಆ ಜಾಗದಲ್ಲಿ ಹೆಬ್ಬೆರಳಿನಗಲ ಉಬ್ಬು ಬಿಡಬೇಕು ಎಂದ. ಗರಗಸ ಕಂಪ್ಯೂಟರಿನಲ್ಲಿ ಅವನ ಕಾಲಿನ ಆಕಾರ ತೆರೆದು ಅಲ್ಲಿ ಉಬ್ಬು ಕೂರಿಸಿ ಉಳಿಸಿದಳು. ದರ್ಜಿ ಹೊಸ ಬಟ್ಟಲಿಗಾಗಿ ನಡೆಯುವ ಕೋಣೆಯ ಬೆಂಚಿನ ಮೇಲೆ ಕೂತು ಅಲ್ಲಿದ್ದವರ ಪ್ಯಾಂಟಿನ ಹೊಲಿಗೆಗಳಿಗೆ ಹೆಸರಿಡತೊಡಗಿದ.

ಮಧ್ಯಾಹ್ನ ಊಟ ಮುಗಿಸಿ ಅವಳು ಗೂಡಿಗೆ ಹೋದಳು. ಟೈ ತಂದಿಟ್ಟಿದ್ದ ಹೋದ ವಾರದ ಕಾಪಿಯನ್ನು ಪರೀಕ್ಷೆಯ ಮೆಶಿನ್‌ನಲ್ಲಿ ಎಬ್ಬಿಸಿದಳು. ಎರಡನೆಯ ಗೋಡೆಯ ಹೆಸರುಗಳನ್ನು ನೋಡುತ್ತ ನೋಡುತ್ತ, ಬೆಳಗಿನ ಮಾತು ನೆನಪಾಗಿ ಸುಮ್ಮನೆ ದರ್ಜಿಯ ಕಾಲನ್ನೂ ತೆರೆದಳು.

ಕಾಲು ಬಂತು. ಮಗ್ಗುಲಲ್ಲಿ ಹೆಬ್ಬೆರಳಿನಗಲ ಉಬ್ಬು.

ಕಾಪಿ ಹೋದ ವಾರದ್ದು. ಉಬ್ಬು ಕೂರಿಸಿದ್ದು ಇವತ್ತು ಬೆಳಗ್ಗೆ. ಹೋದ ವಾರದ ಕಾಪಿಗೆ ಇವತ್ತಿನ ಗಂಟು ಎಲ್ಲಿಂದ ಗೊತ್ತಾಯಿತು?

ಅವಳು ಬಗ್ಗಿ, ಪರೀಕ್ಷೆಯ ಮೆಶಿನ್‌ನಿಂದ ದೊಡ್ಡ ಸರ್ವರಿಗೆ ಹೋಗುತ್ತಿದ್ದ ನೀಲಿ ತಂತಿಯನ್ನು ಹಿಡಿದು ಕಿತ್ತಳು. ಮತ್ತೆ ದರ್ಜಿಯ ಹೆಸರು ಒತ್ತಿದಳು. ಹೆಸರು ಬಂತು, ವಿಳಾಸ ಬಂತು, ಯಾವ ಕಾಲು ಎಂಬುದು ಬಂತು. ಕಾಲು ಬರಬೇಕಾದ ಜಾಗ ಮಾತ್ರ ಬೆಳ್ಳಗೆ ಖಾಲಿ. ಇನ್ನೊಬ್ಬನ ಹೆಸರು ಒತ್ತಿದಳು. ಖಾಲಿ. ಮೊದಲ ಗೋಡೆಯವರದು, ಎರಡನೆಯ ಗೋಡೆಯವರದು, ಹೆಂಗಸರದು, ಗಂಡಸರದು, ಎಲ್ಲ ಖಾಲಿ.

ಆಗ ತಿಳಿಯಿತು. ಕಾಲಿನ ಆಕಾರಗಳು ಭಾರವೆಂದು ಅವನ್ನು ಸರ್ವರಿನಲ್ಲೇ ಬೇರೊಂದು ಉಗ್ರಾಣದಲ್ಲಿ ಇಟ್ಟಿದ್ದರು. ಡೇಟಾಬೇಸಿನಲ್ಲಿ ಇದ್ದದ್ದು ಹೆಸರು ಮತ್ತು "ಇವನ ಕಾಲು ಇಂಥ ಕಡೆ ಇದೆ" ಎಂಬ ಗುರುತು ಅಷ್ಟೇ. ಟೈ ಕಾಪಿ ಮಾಡುತ್ತಿದ್ದದ್ದು ಆ ಡೇಟಾಬೇಸನ್ನು ಮಾತ್ರ. ಪರೀಕ್ಷೆಯ ಹೊತ್ತಿನಲ್ಲಿ ಕಾಪಿ ತನ್ನಲ್ಲಿಲ್ಲದ ಕಾಲನ್ನು ನೀಲಿ ತಂತಿಯ ದಾರಿಯಲ್ಲಿ ಅಸಲು ಸರ್ವರಿನಿಂದಲೇ ತಂದು ತೋರಿಸುತ್ತಿತ್ತು. ಊಟಕ್ಕೆ ಕರೆದವನು ಹಿಂಬಾಗಿಲಿನಿಂದ ಪಕ್ಕದ ಮನೆಗೆ ಓಡಿ ತಟ್ಟೆ ತಂದಿಟ್ಟು, ನಮ್ಮನೆ ಅಡುಗೆ ಹೇಗಿದೆ ಎಂದು ಕೇಳಿದ ಹಾಗೆ. ಪಕ್ಕದ ಮನೆ ಸುಟ್ಟ ದಿನ ಎರಡೂ ಮನೆಗೆ ಉಪವಾಸ. ಪರೀಕ್ಷೆ ಮಾಡಿದ್ದು ನಿಜ, ತಿಂಗಳು ತಿಂಗಳೂ ಮಾಡಿದ್ದು ನಿಜ. ಒಂದು ಸಲವೂ ತಂತಿ ಕಿತ್ತು ಮಾಡಿರಲಿಲ್ಲ.

ಗೋದಾಮಿನ ಕಡೆಯಿಂದ ಸುತ್ತಿಗೆಯವರ ನಗು ಕೇಳಿಸಿತು. ಅವಳು ಎದ್ದ ರಭಸಕ್ಕೆ ಏಸಿಯ ಬಕೆಟ್ಟು ಉರುಳಿತು.

"ನಿಲ್ಲಿಸಿ! ಕೈ ಎತ್ತಿದ್ರೆ ಕೈ ಮುರೀತೀನಿ!"

ಸುತ್ತಿಗೆಯವರು ಇನ್ನೂ ಬಾಗಿಲ ಹೊರಗೇ ಬೀಡಿ ಸೇದುತ್ತ ನಿಂತಿದ್ದರು. ಬೀಗದ ಬಳಿ ಅವಳ ಹೂಂಗಾಗಿ ಕಾದು ನಿಂತಿದ್ದ ತಾತ ತಿರುಗಿ ನೋಡಿದ.

"ಏನಾಯ್ತು ಮಗಳೇ?"

"ಬೀಗ ತೆಗೀಬೇಡ ತಾತ. ನಾನು ಹೂಂ ಅಂದಿಲ್ಲ. ಅನ್ನೋದೂ ಇಲ್ಲ."

ಗದ್ದಲಕ್ಕೆ ಭಾವ ಮೇಲಿನಿಂದ ಇಳಿದು ಬಂದ. ಜೊತೆಗೆ ಟೈ. ಹಾಲಿಗೆ ಯಾವ ಬಣ್ಣದ ಪರದೆ ಎಂದು ಮಾತಾಡುತ್ತ ಕೂತಿದ್ದರಂತೆ. ಗರಗಸ ನಡೆದದ್ದನ್ನು ಹೇಳಿದಳು. ಹೇಳಿದ್ದಕ್ಕಿಂತ ಕೂಗಿದ್ದೇ ಹೆಚ್ಚು.

ಟೈ ಕೆಮ್ಮಿ, "ಮೇಡಂ, ಸ್ವಲ್ಪ ಸಮಾಧಾನ. ನಮ್ಮ ಒಪ್ಪಂದದಲ್ಲಿ ಇರೋದು ಡೇಟಾಬೇಸ್ ಮಾತ್ರ. ಡೇಟಾಬೇಸ್ ಪೂರ್ತಿ ರಿಸ್ಟೋರ್ ಆಗಿದೆ. ನೀವೇ ನೋಡಿದ್ರಲ್ಲ" ಎಂದ.

"ಕಾಲಿನ ಹೆಸರು ಇಟ್ಕೊಂಡು ಕಾಲು ಬಿಟ್ಟು ಹೋದ್ರಲ್ಲಪ್ಪಾ! ಹೆಸರಿನ ಮೇಲೆ ನಿಂತ್ಕೊಂಡು ಯಾರಾದ್ರೂ ನಡೀತಾರಾ?"

"ಅದನ್ನ ನೀವು ಮೊದಲೇ ಕೇಳಬೇಕಿತ್ತು."

"ನಾನು ಬಾಯಲ್ಲಿ ಕೇಳಿದ್ದೆ, ನೀನು ದೀಪ ತೋರಿಸಿದ್ದೆ!"

ಭಾವ ಇಬ್ಬರ ನಡುವೆ ಕೈ ಅಡ್ಡ ಇಟ್ಟ. ಅವನ ಮಾತಿಗೆ ಯಾವಾಗಲೂ ಎಣ್ಣೆ ಸವರಿರುತ್ತಿತ್ತು. "ಸರಿ ಕಣಮ್ಮ, ಒಂದು ಕೊರತೆ ಇದೆ, ಮುಂದೆ ಸರಿಮಾಡೋಣ. ದೊಡ್ಡ ಸರ್ವರ್ ಓಡ್ತಾ ಇದೆ ತಾನೇ? ಅದರಲ್ಲಿ ಎಲ್ಲಾ ಇದೆ ತಾನೇ? ಇವತ್ತು ಗೋಡೆ ಒಡೆದರೆ ಏನು ಆಕಾಶ ಬೀಳುತ್ತೆ? ನೆರವಿನವರು ಮುಂದಿನ ವಾರ ಬರ್ತಾರೆ."

"ಏನೂ ಭಯ ಇಲ್ಲ ಅಂತೀರಾ?"

"ಏನೂ ಇಲ್ಲ" ಎಂದ ಟೈ.

"ಹಾಗಾದ್ರೆ ಬನ್ನಿ ಇಬ್ಬರೂ."

ಅವಳು ಹಿಂತಿರುಗಿ ನೋಡದೆ ಮೆಟ್ಟಿಲ ಅಡಿಯ ಗೂಡಿಗೆ ನಡೆದಳು. ಒದ್ದೆ ನೆಲದ ಮೇಲೆ ಭಾವನ ಬೂಟು ಪಚಪಚ ಎಂದಿತು. ಅವಳು ಆಕಾರಗಳ ಉಗ್ರಾಣವಿದ್ದ ದೊಡ್ಡ ಸರ್ವರಿನ ಹಿಂದೆ ಕೈ ಹಾಕಿ ಕರೆಂಟಿನ ದಪ್ಪ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದಳು.

"ಕೀಳ್ತೀನಿ ಈಗ."

"ಏಯ್! ಬೇಡ ಬೇಡ ಬೇಡ!" ಭಾವ ಮುಂದೆ ನುಗ್ಗಿ ಅವಳ ಮಣಿಕಟ್ಟು ಹಿಡಿದ. ಟೈ ಇನ್ನೊಂದು ಕಡೆಯಿಂದ ಸರ್ವರನ್ನೇ ತಬ್ಬಿಕೊಂಡ. ಅವನ ಟೈ ಮೊದಲ ಸಲ ಹೆಗಲ ಮೇಲೆ ಹೋಗಿ ಬಿದ್ದಿತ್ತು.

"ಯಾಕೆ ಭಾವ, ಬೆವರ್ತಿದೀರಿ? ಕಾಪಿ ಇದೆಯಲ್ಲ."

ಬಾಗಿಲಲ್ಲಿ ನಿಂತಿದ್ದ ತಾತನಿಗೆ ನಗು ತಡೆಯಲಾಗಲಿಲ್ಲ. ಮೈಮೇಲಿನ ಸುಣ್ಣ ಉದುರುವಂತೆ ನಕ್ಕ. "ಮೂರು ಜನ ಒಂದು ಪ್ಲಗ್ಗಿಗೆ ಜೋತು ಬಿದ್ದಿದೀರಿ ನೋಡಿ! ಕಾಲ್ಮನೆ ಅಷ್ಟೂ ಅದೊಂದೇ ಮೊಳೆಗೆ ನೇತಾಡ್ತಾ ಇದೆ ಅನ್ನಿ."

ಗರಗಸ ಪ್ಲಗ್ಗು ಬಿಟ್ಟಳು. ಕೀಳುವ ಮನಸ್ಸು ಅವಳಿಗೂ ಇರಲಿಲ್ಲ. ಭಾವನ ಮುಖ ಮಾತ್ರ ಕೆಂಪಗೆ ಕಾದಿತ್ತು. ತಾತನ ಮುಂದೆ, ಟೈಯ ಮುಂದೆ, ನಾದಿನಿಯಿಂದ ಮರ್ಯಾದೆ ಹೋದದ್ದು ಅವನಿಗೆ ಹಲ್ಲಿನ ಸಂದಿಗೆ ಮುಳ್ಳು ಸಿಕ್ಕಿದಂತಾಯಿತು.

"ಬಾಯಿ ಬಡ್ಕೊಳ್ತೀಯಲ್ಲ" ಎಂದ ಮೆಲ್ಲಗೆ, "ಮೊದಲ ಗೋಡೆಗೆ ಹೂಂ ಅಂದವರು ಯಾರು? ನಾನಾ? ಇವನಾ?"

ಗರಗಸದ ಬಾಯಿ ಕಟ್ಟಿದ್ದನ್ನು ಕಾಲ್ಮನೆಯವರು ಅದೇ ಮೊದಲು ಕಂಡದ್ದು. ತಾತ ನಗು ನಿಲ್ಲಿಸಿ ನೆಲ ನೋಡಿದ.

ಅಲ್ಲಿಂದ ಅವಳು ನೇರ ನಡೆಯುವ ಕೋಣೆಗೆ ಹೋಗಿ ದರ್ಜಿಯ ಮುಂದೆ ನಿಂತಳು. ಅವನ ಹಳೆಯ ಅಚ್ಚು ಮೊದಲ ಗೋಡೆಯಲ್ಲಿತ್ತು.

"ನಿಮ್ಮ ಅಚ್ಚು ಒಡೆದು ಹಾಕಿದೀವಿ. ನಾನು ಹೇಳಿ ಒಡೆಸಿದ್ದು. ಕಂಪ್ಯೂಟರಲ್ಲಿ ಒಂದೇ ಒಂದು ಕಡೆ ಉಳಿದಿದೆ. ಅದು ಕೆಟ್ಟರೆ ಏನೂ ಇಲ್ಲ. ನಿಮಗೆ ತಿಳಿಸಬೇಕು ಅನ್ನಿಸ್ತು, ತಿಳಿಸಿದೀನಿ."

ದರ್ಜಿ ತನ್ನ ಮೊಂಡುಗಾಲನ್ನು ತಟ್ಟಿಕೊಂಡ. "ಅಸಲು ಕಾಲನ್ನ ಲಾರಿ ತಗೊಂಡು ಹೋಯ್ತು, ಸುಣ್ಣದ ಕಾಲನ್ನ ನೀವು ತಗೊಂಡ್ರಿ. ಮೂರನೇದನ್ನಾದ್ರೂ ಗಟ್ಟಿಯಾಗಿ ಹೊಲೀರಿ ತಾಯಿ" ಎಂದ. ನಗಿಸಲು ಹೇಳಿದ ಮಾತು. ಅವಳ ಮುಖ ನೋಡಿ ತಾನೂ ನಗಲಿಲ್ಲ.

ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಅಕ್ಕ ಅಡುಗೆಮನೆಯಿಂದಲೇ ಕೂಗಿದಳು. ಸುದ್ದಿ ಅವಳಿಗಿಂತ ಮುಂಚೆ ಮನೆ ಸೇರಿತ್ತು.

"ಬಾರೇ ಇಲ್ಲಿ ಮಹಾರಾಯ್ತಿ! ಎಲ್ಲರೆದುರಿಗೆ ಅವರ ಮಾನ ಕಳೆದ್ಯಂತೆ! ಕೆಲಸ ಕೊಡಿಸಿದ ಮನುಷ್ಯ ಕಣೇ. ಉಂಡ ಮನೆಗೆ ಎರಡು ಬಗೀತೀಯಾ?"

"ಉಂಡ ಮನೆಗೆ ಬಾಡಿಗೆ ಕೊಟ್ಟಿದೀನಿ."

"ಅದನ್ನೇನು ದೊಡ್ಡದಾಗಿ ಹೇಳ್ತೀಯೇ! ನಿಂಗೆ ಅಪ್ಪನ ಬುದ್ಧಿ. ಕೊಳಾಯಿ ತಿರುಗಿಸಿ ತಿರುಗಿಸಿ ಸಂಸಾರವನ್ನೇ ಊರೂರು ಅಲೆಸಿದ. ನಾನು ಶಾಲೆ ಎಷ್ಟು ಬದಲಾಯಿಸಿದೆ ಗೊತ್ತಾ? ಒಂದು ಕಡೆ ಗೆಳತಿ ಆಗೋ ಹೊತ್ತಿಗೆ ಪೆಟ್ಟಿಗೆ ಕಟ್ಟು ಅಂತಿದ್ದ. ನೀನು ಇನ್ನೂ ತೊಟ್ಟಿಲಲ್ಲಿದ್ದೆ, ನಿಂಗೇನು ಗೊತ್ತು!"

ಅಕ್ಕನ ನಗುಮುಖದ ಹಿಂದೆ ಈ ಕೋಪ ಇಷ್ಟು ವರ್ಷ ಕೂತಿತ್ತೆಂದು ಅವಳಿಗೆ ತಿಳಿದಿರಲಿಲ್ಲ. ಬೇರೆ ದಿನವಾಗಿದ್ದರೆ ಅಪ್ಪನ ಪರ ವಾದ ಹೂಡುತ್ತಿದ್ದಳು. ಇವತ್ತು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಅಪ್ಪ ತಿರುಗಿಸಿದ ಕೊಳಾಯೀಲಿ ನೀರು ಬರ್ತಿತ್ತಕ್ಕಾ. ನಾನು ತಿರುಗಿಸಿದ್ದು ಪಕ್ಕದ ಕೊಳಾಯಿ. ನೀರು ಬಂತು, ಹೂಂ ಅಂದುಬಿಟ್ಟೆ. ಒಂದು ಗೋಡೆ ಕಾಲು ಪುಡಿಯಾಯ್ತು. ತಾತ ಒಂದೊಂದಕ್ಕೂ ದಿನಗಟ್ಟಲೆ ಕೂತು ತೀಡಿದ್ದ ಅಚ್ಚು. ನನ್ನ ಮಾತಿಗೆ ಬೀಗ ತೆಗೆದುಕೊಟ್ಟ. ಅವನು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ನಿನ್ನ ಗಂಡನ ಮೇಲೆ, ಆ ಟೈ ಮೇಲೆ ಸಿಟ್ಟಿದೆ, ಇಲ್ಲ ಅನ್ನಲ್ಲ. ಆದ್ರೆ ಅವರಿಬ್ಬರ ಮೇಲಿನದು ಒಟ್ಟು ಸೇರಿಸಿದ್ರೂ ನನ್ನ ಮೇಲೆ ಇರೋದರಲ್ಲಿ ಕಾಲು ಭಾಗ ಆಗಲ್ಲ."

ಅಕ್ಕ ಸೌಟು ಕೆಳಗಿಟ್ಟಳು. ಬೈಯಲು ಇನ್ನೂ ಇತ್ತು, ಬೈಯಲಿಲ್ಲ. "ಊಟಕ್ಕೆ ಬಾ" ಎಂದಳು.

"ಹಸಿವಿಲ್ಲ."

ಆ ಮೇಲೆ ಗಂಡಹೆಂಡಿರ ನಡುವೆ ಏನು ನಡೆಯಿತೋ ಮೇಲಿನ ಕೋಣೆಗೆ ಕೇಳಿಸಲಿಲ್ಲ. ಅಕ್ಕನ ದನಿ ಮಾತ್ರ ಒಮ್ಮೆ, "ನಿಮ್ಮ ಪರದೆಗೆ ಬೆಂಕಿ ಹಾಕ!" ಎಂದು ಮಾಡಿಗೆ ತಗಲುವಂತೆ ಏರಿ ಇಳಿಯಿತು.

ಬೆಳಗ್ಗೆ ಕಾಲ್ಮನೆ ತೆರೆಯುವ ಹೊತ್ತಿಗೆ ಗರಗಸ ಗೂಡಿನಲ್ಲಿದ್ದಳು. ಪರೀಕ್ಷೆಯ ಮೆಶಿನ್‌ಗೆ ಒಂದು ದೊಡ್ಡ ಡಿಸ್ಕು ಸಿಕ್ಕಿಸಿ, ಉಗ್ರಾಣದ ಆಕಾರಗಳನ್ನೆಲ್ಲ ಅದಕ್ಕೆ ಹರಿಯಬಿಟ್ಟಿದ್ದಳು. ಹರಿದು ಮುಗಿದ ಮೇಲೆ ನೀಲಿ ತಂತಿ ಕಿತ್ತು, ಮೊದಲ ಗೋಡೆಯ ಕಾಲುಗಳಿಂದ ಶುರುಮಾಡಿ ಎಲ್ಲವನ್ನೂ ಒಂದೂ ಬಿಡದೆ ತೆರೆದು ನೋಡುವುದು. ಅಲ್ಲೊಂದು ಇಲ್ಲೊಂದು ನೋಡುವ ಆಟ ಮುಗಿಯಿತು. ಆಮೇಲೆ ಆ ಡಿಸ್ಕನ್ನು ಬೇರೆ ಕಟ್ಟಡದಲ್ಲಿ, ಬೇರೆ ಮೆಶಿನ್‌ನಲ್ಲಿ ಎಬ್ಬಿಸಿ ಮತ್ತೆ ಮೊದಲಿನಿಂದ ನೋಡುವುದು. ತಿಂಗಳುಗಳ ಕೆಲಸ. ತಾತ ಆಗಲೇ ಬಂದು ಇಣುಕಿ, "ಒಬ್ಬಳೇ ಆಗುತ್ತಾ ಮಗಳೇ? ಯಾರನ್ನಾದ್ರೂ ಜೊತೆಗೆ ಹಾಕ್ಕೋ. ಹಟ ಒಳ್ಳೇದೇ, ಕಣ್ಣಿಗೂ ಒಂದು ಮಿತಿ ಇದೆ" ಎಂದು ಹೇಳಿ ಹೋಗಿದ್ದ.

ಭಾವ ಬಂದ. ಕೈಯಲ್ಲಿ ಎರಡು ಲೋಟ ಟೀ. ಗೂಡಿನ ಬಾಗಿಲು ಗಿಡ್ಡ, ಅವನು ತಲೆ ತಗ್ಗಿಸಿಯೇ ಒಳಗೆ ಬರಬೇಕಾಯಿತು. ಕೂರಲು ಜಾಗವಿಲ್ಲದೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತ.

"ಹಾಲ್ ಕೆಲಸ ನಿಲ್ಲಿಸಿದೀನಿ" ಎಂದ. "ಎರಡನೇ ಗೋಡೆ ಮುಟ್ಟಲ್ಲ. ನಿನ್ನೆ ನಾನು ಆಡಿದ ಮಾತು ಸ್ವಲ್ಪ ಜಾಸ್ತಿಯಾಯ್ತು."

"ಜಾಸ್ತಿ ಏನಾಗಿಲ್ಲ. ಸರಿಯಾಗೇ ಇತ್ತು."

"ಅದು ಬಿಡು. ನೋಡು, ಟೈ ಕಂಪನಿಯವರ ಜೊತೆ ಮಾತಾಡಿದೀನಿ. ತಪ್ಪು ಅವರದೂ ಇದೆ ಅಂತ ಒಪ್ಕೊಂಡ್ರು. ಆಳು ಕಳಿಸ್ತಾರೆ. ಅವರ ಹತ್ರ ಒಂದು ಸಾಫ್ಟ್‌ವೇರ್ ಇದೆಯಂತೆ, ಅದೇ ಎಲ್ಲಾ ಕಾಲನ್ನ ತೆರೆದು ನೋಡಿ ಸರಿ ತಪ್ಪು ಹೇಳುತ್ತಂತೆ. ವಾರದಲ್ಲಿ ಮುಗಿಯುತ್ತೆ. ನೀನು ಸುಮ್ಮನೆ ಕೂತು ಮೇಲುಸ್ತುವಾರಿ ಮಾಡು ಸಾಕು. ನಿಮ್ಮಕ್ಕನೂ ಅದೇ ಹೇಳಿದ್ಲು, ಅವಳೊಬ್ಬಳ ತಲೆ ಮೇಲೆ ಹೊರಿಸಬೇಡಿ ಅಂತ."

ಕಂಪ್ಯೂಟರಿನ ಪರದೆಯ ಮೇಲೆ ಯಾರದೋ ಎಡಗಾಲು ನಿಧಾನಕ್ಕೆ ತಿರುಗುತ್ತಿತ್ತು. ಅವಳು ಅದರಿಂದ ಕಣ್ಣು ಕೀಳಲಿಲ್ಲ. ಟೀ ಲೋಟವನ್ನು ಮೊಣಕೈಯಿಂದ ಅವನ ಕಡೆಗೇ ಸರಿಸಿದಳು.

"ಬೇಡ ಭಾವ. ಟೈ ಆಳೂ ಬೇಡ, ಸಾಫ್ಟ್‌ವೇರೂ ಬೇಡ. ಅದು ಸರಿ ಅಂತ ಹೇಳುತ್ತೆ, ನಾನು ಮತ್ತೆ ಅದನ್ನ ನಂಬಿ ಹೂಂ ಅಂತೀನಿ. ಒಂದು ಸಲ ಅಂದು ಸಾಕಾಗಿದೆ. ಅಕ್ಕನಿಗೂ ಹೇಳಿ, ಹೊರೆ ಹೊರಿಸಿದವರು ಯಾರೂ ಇಲ್ಲ, ನಾನೇ ಎತ್ತಿ ಇಟ್ಕೊಂಡಿದೀನಿ. ತಡ ಆದ್ರೆ ಆಗಲಿ, ಕಣ್ಣು ಹೋದ್ರೆ ಹೋಗಲಿ. ಈಗ ಏಳಿ ಅಲ್ಲಿಂದ, ಬಕೆಟ್ ಬೇಕು ನಂಗೆ, ಏಸಿ ನೀರು ತೊಟ್ಟಿಕ್ತಾ ಇದೆ. ಬೇಡ ಬೇಡ, ನೀವು ಇಡಬೇಡಿ. ನಾನೇ ಇಟ್ಕೊತೀನಿ."